ಪದಚರ್ಚೆ: ‘ಅರಳುಮರಳು’ ಎನ್ನದೆ ಹೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ನೆನಪು, ತಿಳಿವು ನಿಧಾನವಾಗಿ ಕುಂದುತ್ತಾ ಹೋಗುವ ಆಲ್ಝೈಮರ್ ಕಾಯಿಲೆಯ ಶುರುವಿನ ಲಕ್ಷಣಗಳ ಬಗ್ಗೆ ನಮ್ಮೂರಿನವರಿಗಾಗಿ ಎರಡು ಪುಟ ಬರೆಯಲು ಕೂತಿದ್ದೇನೆ. ಮೊದಲ ಸಾಲಿನಲ್ಲೇ ಪೆನ್ನು ನಿಂತಿದೆ.

‘ಅರವತ್ತಕ್ಕೆ ಅರಳುಮರಳು’ ಎಲ್ಲರ ಬಾಯಲ್ಲೂ ಇರುವ ಮಾತು. ಮರುಳು ಎಂದರೆ ಭ್ರಮೆ, ಗೊಂದಲ. ಅದು ಸರಿ. ತೊಡಕಿರುವುದು ಅರವತ್ತರಲ್ಲಿ. ಅರವತ್ತು ದಾಟಿದವರು ಮರೆತರೆ ‘ವಯಸ್ಸಾಯ್ತು ಬಿಡಿ’ ಎಂದು ಸುಮ್ಮನಾಗುತ್ತೇವೆ. ಅದಕ್ಕೂ ಮುಂಚೆ ಬಂದರೆ ಕರೆಯಲು ಹೆಸರೇ ಇಲ್ಲ.

ನಮ್ಮ ದೊಡ್ಡಮ್ಮನಿಗೆ ಹಾಗೇ ಆಯಿತು. ಆಗ ಅವರಿಗೆ 56. ಒಗ್ಗರಣೆಗೆ ಹಾಕಿದ ಸಾಸಿವೆ ಚಟಪಟ ಎನ್ನುತ್ತಿರುವಾಗಲೇ ಮತ್ತೆ ಸಾಸಿವೆ ಡಬ್ಬಿಗೆ ಕೈ ಹಾಕುತ್ತಿದ್ದರು. ಮಾತು ಮಾತ್ರ ಮೊದಲಿನಷ್ಟೇ ಸೊಗಸು. ‘ಮುಟ್ಟು ನಿಲ್ಲೋ ಕಾಲ, ಹಾಗೇ ಇರುತ್ತೆ’ ಅಂದುಕೊಂಡೆವು. ಆ ಕಾಲದಲ್ಲಿ ಮರೆವು ಬರುವುದೂ ನಿಜ, ಬಹಳ ಮಂದಿಗೆ ಅದು ತಾನಾಗಿ ಹೋಗುವುದೂ ನಿಜ. ದೊಡ್ಡಮ್ಮನದು ಹೋಗಲಿಲ್ಲ. ಮೊದಲು ತೋರಿಸಿದ ಕಡೆ ಕೆಲವು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ದೊಡ್ಡಮ್ಮ ಅಷ್ಟನ್ನೂ ಒಪ್ಪಿಸಿದರು. ‘ಏನೂ ಇಲ್ಲ’ ಎಂದು ಕಳಿಸಿದರು. ಪದ ನೆನಪಿಡುವುದರಲ್ಲಿ ಸಾಮಾನ್ಯವಾಗಿ ಹೆಂಗಸರು ಗಂಡಸರಿಗಿಂತ ಮುಂದು. ಅದಕ್ಕೇ ಕಾಯಿಲೆ ಒಳಗೆ ಬೇರೂರಿದ್ದರೂ ಇಂಥ ಪರೀಕ್ಷೆಯಲ್ಲಿ ಕೆಲವರು ಪಾಸಾಗಿಬಿಡುತ್ತಾರೆ. ಇದು ನನಗೆ ತಿಳಿದದ್ದು ಮೂರು ವರ್ಷ ಕಳೆದ ಮೇಲೆ. ಆ ಮೂರು ವರ್ಷ ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆಲ್ಝೈಮರ್ ಹೆಂಗಸರಲ್ಲಿ ಜಾಸ್ತಿ.

ಪದದೊಳಗೆ ವಯಸ್ಸು ಕೂತಿರುವುದು ಕನ್ನಡದಲ್ಲಿ ಮಾತ್ರ ಅಲ್ಲ. 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಆಗುಸ್ಟ ಡೇಟರ್ ಎಂಬ ಹೆಂಗಸು ಬಂದಾಗ ಆಕೆಗೆ 51. ಊಟಕ್ಕೆ ಹೂಕೋಸು, ಹಂದಿಮಾಂಸ. ಏನು ತಿನ್ನುತ್ತಿದ್ದೀರಿ ಎಂದು ಕೇಳಿದರೆ ‘ಪಾಲಕ್’ ಅಂದರು. ಅದನ್ನು ಬರೆದಿಟ್ಟುಕೊಂಡ ಡಾಕ್ಟರೇ ಆಲೋಯಿಸ್ ಆಲ್ಝೈಮರ್. 1910ರಲ್ಲಿ ಕಾಯಿಲೆಗೆ ಅವರ ಹೆಸರು ಬಂತು. ಆದರೆ ಬಹಳ ವರ್ಷ ಆ ಹೆಸರನ್ನು 65ರೊಳಗಿನವರಿಗೆ ಮಾತ್ರ ಬಳಸಿದರು. ಅದಕ್ಕಿಂತ ದೊಡ್ಡವರದು ಬರೀ ‘ಮುಪ್ಪಿನ ಮರೆವು’. ಎರಡೂ ಒಂದೇ ಕಾಯಿಲೆ ಎಂದು ಒಪ್ಪಿಕೊಂಡದ್ದು 1970ರ ದಶಕದ ಹೊತ್ತಿಗೆ.

ಈಗ ನಮ್ಮ ಪದಗಳಿಗೆ ಬರೋಣ. ಆಲ್ಝೈಮರ್‌ನಂಥ ಕಾಯಿಲೆಗಳಿಂದ ನೆನಪು, ಯೋಚನೆ ಕುಂದುವ ಸ್ಥಿತಿಗೆ ಡಾಕ್ಟರುಗಳು ಡಿಮೆನ್ಷಿಯಾ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಅದಕ್ಕೆ ‘ಬುದ್ಧಿಮಾಂದ್ಯತೆ’ ಎಂದು ಬರೆಯುತ್ತಾರೆ. ನನಗೆ ಇದು ಖಂಡಿತ ತಪ್ಪು. ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ನಿಧಾನವಿರುವ ಮಕ್ಕಳಿಗೆ ಆ ಪದ ಬಳಕೆಯಾಗಿದೆ. ಇಡೀ ಮನೆಯ ಲೆಕ್ಕ ಬಾಯಲ್ಲೇ ಇಟ್ಟುಕೊಂಡಿದ್ದ ದೊಡ್ಡಮ್ಮನಿಗೆ ಅದು ಹೇಗೆ ಹೊಂದುತ್ತದೆ? ಮಿದುಳಿನ ನರಗಳು ನಿಧಾನವಾಗಿ ಹಾಳಾಗುವುದಕ್ಕೆ ‘ನರಕ್ಷಯ’ ಎಂದರೆ ಜನಕ್ಕೆ ಕೇಳಿಸುವುದು ಕ್ಷಯ, ಅಂದರೆ ಟಿಬಿ. ‘ನರದೌರ್ಬಲ್ಯ’ವನ್ನು ಗೋಡೆ ಮೇಲಿನ ಜಾಹೀರಾತುಗಳು ಎಂದೋ ಕೆಡಿಸಿವೆ.

ನನಗೆ ಹಿಡಿಸಿರುವುದು ‘ಸವೆತ’. ‘ಮೊಣಕಾಲು ಸವೆದಿದೆ’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇದ್ದದ್ದು ನಿಧಾನವಾಗಿ ಹೋಗುತ್ತಿದೆ ಎನ್ನುವುದು ಅದರಲ್ಲೇ ಇದೆ, ವಯಸ್ಸು ಇಲ್ಲ. ‘ಮಿದುಳು ಸವೆತ’ ಎಂದರೆ ಆಲ್ಝೈಮರ್‌ಗೂ ಆಗುತ್ತದೆ, ಕೈಕಾಲು ನಡುಗಿ ನಡೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆಗೂ ಆಗುತ್ತದೆ. ಆದರೆ ಕೇಳಿದವರು ಹೆದರಿಕೊಂಡು ಡಾಕ್ಟರ ಹತ್ತಿರ ಹೋಗುವುದನ್ನೇ ಬಿಟ್ಟರೆ ಎಂಬ ಚಿಂತೆಯೂ ಇದೆ.

ಶುರುವಿನ ಹಂತಕ್ಕೆ ಪದ ಇನ್ನೂ ಸಿಕ್ಕಿಲ್ಲ. ನಮ್ಮ ಹಾಸನದ ಕಡೆ ‘ಗ್ಯಾನ ಇರ್ಲಿಲ್ಲ’ ಎಂದರೆ ನೆನಪಿರಲಿಲ್ಲ, ಗಮನ ಇರಲಿಲ್ಲ ಎಂದು. ಅದರಿಂದ ‘ಗ್ಯಾನ ತಪ್ಪೋದು’ ಎಂದು ಮಾಡೋಣವೆಂದರೆ, ಅದು ಎಚ್ಚರ ತಪ್ಪಿ ಬೀಳುವುದಕ್ಕೆ ಆಗಲೇ ಇದೆ, ಅಲ್ವಾ?

ಧಾರವಾಡ, ಕಲಬುರಗಿ, ಕುಂದಾಪುರದ ಕಡೆಯವರು ದಯವಿಟ್ಟು ತಿಳಿಸಿ. ಐವತ್ತರ ಆಸುಪಾಸಿನ ಹೆಂಗಸು ಹಾಕಿದ ಉಪ್ಪನ್ನೇ ಮತ್ತೆ ಹಾಕಿದರೆ, ನಿಮ್ಮ ಅಡುಗೆಮನೆಯಲ್ಲಿ ಅದಕ್ಕೆ ಏನೆನ್ನುತ್ತಾರೆ?