ತಂದೆಗೆ ಸ್ಟೆಂಟ್ ಹಾಕಿದ ಮೇಲೆ ಮನೆಮಂದಿಯೆಲ್ಲ ಮಾಂಸ ಬಿಡಬೇಕೇ? ಅನುಭವ ಇದ್ದವರು ತಿಳಿಸಿ

ಪ್ರಶ್ನೆ (ಮದ್ದೂರು ಕಡೆಯಿಂದ)

ನಮ್ಮ ತಂದೆಯವರಿಗೆ 68 ವರ್ಷ. ಎರಡು ತಿಂಗಳ ಹಿಂದೆ ಎದೆನೋವು ಬಂದು, ಹೃದಯದ ರಕ್ತನಾಳಗಳಿಗೆ ಎರಡು ಸ್ಟೆಂಟ್ ಹಾಕಿದ್ದಾರೆ. ಅವರನ್ನು ನೋಡಲು ಬಂದ ನೆಂಟರೆಲ್ಲ, ಇನ್ನು ಈ ಮನೆಯಲ್ಲಿ ಬಾಡು ಬೇಯಬಾರದು, ಸಸ್ಯಾಹಾರವೇ ಆರೋಗ್ಯಕ್ಕೆ ಒಳ್ಳೆಯದು ಎಂದು ಹೇಳಿ ಹೋಗುತ್ತಿದ್ದಾರೆ. ತಾಯಿಯವರಿಗೆ 62 ವರ್ಷ. ಸಕ್ಕರೆ ಕಾಯಿಲೆಗಾಗಿ ಹನ್ನೊಂದು ವರ್ಷಗಳಿಂದ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ನನಗೆ 41 ವರ್ಷ, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚಿದೆ ಎಂದು ವರದಿ ಬಂದಿದೆ. ಹತ್ತು ವರ್ಷದ ಮಗಳಿಗೆ ಮೊಟ್ಟೆ, ಮೀನು ಎಂದರೆ ಇಷ್ಟ. ಎಲ್ಲರೂ ಒಟ್ಟಿಗೆ ಬಿಟ್ಟುಬಿಡುವುದು ನಿಜವಾಗಿಯೂ ಒಳ್ಳೆಯದೇ? ಬಿಟ್ಟವರು, ಬಿಟ್ಟು ಮತ್ತೆ ತಿನ್ನತೊಡಗಿದವರು, ಹುಟ್ಟಿನಿಂದಲೇ ತಿನ್ನದವರು, ಎಲ್ಲರೂ ತಮ್ಮ ಅನುಭವ ಬರೆಯಬೇಕೆಂದು ಕೋರುತ್ತೇನೆ.

ಶಿವಮೊಗ್ಗದಿಂದ, ನಿವೃತ್ತ ಶಿಕ್ಷಕಿ

ನಾನು ಹುಟ್ಟಿನಿಂದ ಸಸ್ಯಾಹಾರಿ. ಮೊಟ್ಟೆಯನ್ನೂ ಮುಟ್ಟಿದವಳಲ್ಲ, ಇನ್ನು ಮುಂದೆಯೂ ಮುಟ್ಟುವ ಯೋಚನೆಯಿಲ್ಲ. ಹಾಗಿದ್ದರೂ ಮಾಂಸ ಬಿಟ್ಟ ಮಾತ್ರಕ್ಕೆ ಆರೋಗ್ಯ ತಾನಾಗಿ ಬರುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆರು ವರ್ಷಗಳ ಹಿಂದೆ, ಮಳೆಗಾಲದ ಒಂದು ಸಂಜೆ, ಹಿತ್ತಲಿನಿಂದ ದಾಸವಾಳ ಕೊಯ್ದುಕೊಂಡು ಒಳಗೆ ಬಂದೆ. ಪಕ್ಕದ ಮನೆಯ ಹುಡುಗಿ ಜಗಲಿಯಲ್ಲಿ ಕುಳಿತಿದ್ದಳು. "ಅಜ್ಜಿ, ನಿಮ್ಮ ಇನ್ನೊಂದು ಚಪ್ಪಲಿ ಎಲ್ಲಿ?" ಎಂದು ಕೇಳಿದಳು. ನೋಡಿದರೆ ಎಡಗಾಲಿನಲ್ಲಿ ಚಪ್ಪಲಿಯೇ ಇಲ್ಲ. ಅದು ನಲ್ಲಿಯ ಬಳಿಯ ಕೆಸರಿನಲ್ಲಿ ಹೂತು ಉಳಿದಿತ್ತು. ಅಲ್ಲಿಂದ ಜಗಲಿಯವರೆಗೆ ಜಲ್ಲಿಕಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆದು ಬಂದಿದ್ದೇನೆ, ನನಗೆ ತಿಳಿದೇ ಇರಲಿಲ್ಲ. ಅದಕ್ಕೂ ಮೊದಲು ಒಂದು ವರ್ಷದಿಂದ ಪಾದದಲ್ಲಿ ಜುಮುಗುಟ್ಟುವಿಕೆ, ಆಯಾಸ, ಮರೆವು ಇದ್ದವು. ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆ. ವೈದ್ಯರು ಕಂಪಿಸುತ್ತಿರುವ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಮೊದಲು ಮಣಿಕಟ್ಟಿನ ಮೂಳೆಯ ಮೇಲೆ ಇಟ್ಟರು, ಝುಂ ಎನ್ನುವುದು ಚೆನ್ನಾಗಿ ತಿಳಿಯಿತು. ಅದನ್ನೇ ಕಾಲಿನ ಹರಡಿನ ಮೇಲೆ ಇಟ್ಟಾಗ ಲೋಹದ ತಣ್ಣನೆಯ ಸ್ಪರ್ಶ ಬಿಟ್ಟು ಬೇರೇನೂ ಗೊತ್ತಾಗಲಿಲ್ಲ. ರಕ್ತಪರೀಕ್ಷೆಯಲ್ಲಿ ವಿಟಮಿನ್ ಬಿ12 ಬರೇ 96 ಇತ್ತು. ಆ ಪ್ರಯೋಗಾಲಯದ ಪಟ್ಟಿಯಲ್ಲಿ ಕನಿಷ್ಠ ಮಟ್ಟ 200.

ಈ ಜೀವಸತ್ವ ಸೊಪ್ಪು, ಕಾಳು, ಧಾನ್ಯ, ಹಣ್ಣು ಯಾವುದರಲ್ಲೂ ನಂಬಿಕೊಳ್ಳುವಷ್ಟು ಇರುವುದಿಲ್ಲ. ಹಾಲು, ಮೊಟ್ಟೆ, ಮೀನು, ಮಾಂಸದಿಂದಲೇ ಬರಬೇಕು. ವಯಸ್ಕರಿಗೆ ದಿನಕ್ಕೆ 2.2 ಮೈಕ್ರೋಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಗೊತ್ತುಪಡಿಸಿದೆ; ಹಾಲು ಮೊಸರಿನಿಂದಲೇ ಅದನ್ನು ಪಡೆಯಬೇಕೆಂದರೆ ದಿನಕ್ಕೆ ಹೆಚ್ಚು ಕಡಿಮೆ ಅರ್ಧ ಲೀಟರ್ ಬೇಕಾಗುತ್ತದೆ. ನಾನು ಕೊಬ್ಬಿನ ಭಯದಿಂದ ಹಾಲನ್ನು ಕಾಫಿಯ ಬಣ್ಣಕ್ಕೆ ಬೇಕಾದಷ್ಟಕ್ಕೆ ಇಳಿಸಿದ್ದೆ, ಮೊಸರಿನ ಬದಲು ನೀರು ಮಜ್ಜಿಗೆಗೆ ಬಂದಿದ್ದೆ. ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಸಾಕಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ಕೂಡಲೇ ತೋರುವುದಿಲ್ಲ. ತೋರುವ ಹೊತ್ತಿಗೆ ನರಗಳಿಗೆ ಪೆಟ್ಟು ಬಿದ್ದಿರುತ್ತದೆ. ಚುಚ್ಚುಮದ್ದು ತೆಗೆದುಕೊಂಡ ಮೇಲೆ ಆಯಾಸ ಮೂರು ವಾರಗಳಲ್ಲಿ ಹೋಯಿತು, ಮರೆವು ತಗ್ಗಿತು. ಎಡಪಾದದ ಹೆಬ್ಬೆರಳಿನ ಕೆಳಗೆ ಮಾತ್ರ ಇಂದಿಗೂ ಸ್ಪರ್ಶವಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ಮೊದಲು ಹೋದದ್ದು ತಂದೆಯವರ ಕಡೆಗಲ್ಲ, ತಾಯಿಯವರ ಕಡೆಗೆ. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡರೆ ಬಿ12 ಹೀರಿಕೆ ತಗ್ಗುತ್ತದೆ. ಹನ್ನೊಂದು ವರ್ಷ ಅದನ್ನು ನುಂಗಿದವರ ತಟ್ಟೆಯಿಂದ ಮೊಟ್ಟೆ, ಮೀನು, ಮಾಂಸ ಮೂರನ್ನೂ ಒಂದೇ ದಿನ ತೆಗೆದುಹಾಕುವ ಮೊದಲು ದಯವಿಟ್ಟು ಅವರ ಬಿ12 ಪರೀಕ್ಷೆ ಮಾಡಿಸಿ. ಪಾದ ಉರಿಯುವುದನ್ನು ಸಕ್ಕರೆ ಕಾಯಿಲೆಯದೇ ಎಂದು ತಿಳಿದು ಸುಮ್ಮನಿರುವ ಹಿರಿಯರು ಬಹಳ ಮಂದಿ ಇದ್ದಾರೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಆ ವರದಿ ಬಂದ ಮೇಲೆ ನಮ್ಮ ಅಡುಗೆಯನ್ನೇ ಅಳೆದು ನೋಡಿದೆ. ನಾಲ್ವರ ಸಾರಿಗೆ ನಾನು ಹಾಕುತ್ತಿದ್ದ ಒಂದು ಹಿಡಿ ತೊಗರಿಬೇಳೆಯನ್ನು ತೂಗಿದರೆ 48 ಗ್ರಾಂ ಬಂತು. ತಲೆಗೆ 12 ಗ್ರಾಂ ಬೇಳೆ ಎಂದರೆ ಮೂರು ಗ್ರಾಂ ಪ್ರೋಟೀನ್ ಕೂಡ ಆಗುವುದಿಲ್ಲ. ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಎಂಬ ಲೆಕ್ಕದಲ್ಲಿ 55 ಕಿಲೋ ತೂಗುವ ನನಗೆ ದಿನಕ್ಕೆ ಸುಮಾರು 46 ಗ್ರಾಂ ಬೇಕು. ಅಕ್ಕಿ, ಗೋಧಿಯಿಂದ ಒಂದಿಷ್ಟು ಬರುತ್ತದೆ, ನಿಜ. ಆದರೆ ಅವುಗಳಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಂಶವನ್ನು ಕಾಳುಬೇಳೆಗಳೇ ತುಂಬಿಕೊಡಬೇಕು. ಮೂವತ್ತು ವರ್ಷ ಬೇಳೆಸಾರು ಉಂಡಿದ್ದೇವೆ ಎಂದುಕೊಂಡಿದ್ದೆವು; ನಿಜವಾಗಿ ಉಂಡದ್ದು ಬೇಳೆಯ ವಾಸನೆಯಿದ್ದ ಹುಳಿನೀರು ಮತ್ತು ಅನ್ನ. ಒಂದು ದಿನವೂ ಮಾಂಸ ಮುಟ್ಟದ ನನ್ನ ತಮ್ಮನಿಗೆ 52ನೆಯ ವಯಸ್ಸಿನಲ್ಲಿ ಬೈಪಾಸ್ ಆಯಿತು ಎಂಬುದನ್ನು ನಿಮ್ಮ ನೆಂಟರಿಗೆ ತಿಳಿಸಬಹುದು.

ತುಮಕೂರಿನಿಂದ, ಹಾರ್ಡ್‌ವೇರ್ ಅಂಗಡಿಯವರು

ನಮ್ಮದೂ ನಿಮ್ಮಂಥದೇ ಮನೆ. ಅಣ್ಣನಿಗೆ ಹೃದಯಾಘಾತವಾದ ವರ್ಷ ನಾನು ಹೆದರಿ ಮಾಂಸ ಬಿಟ್ಟೆ. ಹದಿನಾಲ್ಕು ತಿಂಗಳ ನಂತರ ಪರೀಕ್ಷೆ ಮಾಡಿಸಿದಾಗ ಟ್ರೈಗ್ಲಿಸರೈಡ್ 190 ಇದ್ದದ್ದು 290ಕ್ಕೆ ಏರಿತ್ತು, ತೂಕವೂ ನಾಲ್ಕು ಕಿಲೋ ಹೆಚ್ಚಾಗಿತ್ತು. ಮಾಂಸ ತಿನ್ನುತ್ತಿಲ್ಲವಲ್ಲ ಎಂಬ ಧೈರ್ಯದಲ್ಲಿ ಬೆಳಿಗ್ಗೆ ಪೂರಿ ಸಾಗು, ಸಂಜೆ ಅಂಗಡಿಯ ಎದುರಿನ ಬೋಂಡಾ, ಭಾನುವಾರದ ಬಾಡೂಟದ ಜಾಗಕ್ಕೆ ಪಲಾವು ಮತ್ತು ಸಿಹಿ ಬಂದು ಕುಳಿತಿದ್ದವು. ಹಿಂದೆ ನಾವು ತಿನ್ನುತ್ತಿದ್ದುದಾದರೂ ಎಷ್ಟು ಎಂದು ಆಮೇಲೆ ಯೋಚಿಸಿದೆ. ವಾರಕ್ಕೊಮ್ಮೆ ಅರ್ಧ ಕಿಲೋ ಮಟನ್ನು ಐದು ಜನಕ್ಕೆ. ಉಳಿದ ಆರು ದಿನ ಮುದ್ದೆ, ಅನ್ನ, ಸೊಪ್ಪಿನ ಸಾರು. ಅಣ್ಣನ ಹೃದಯದ ಹೊರೆಯನ್ನೆಲ್ಲ ಆ ಭಾನುವಾರದ ಮೇಲೆ ಹೊರಿಸಿ, ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತಿದ್ದುದನ್ನು ಮನೆಯಲ್ಲಿ ಯಾರೂ ಎತ್ತಲೇ ಇಲ್ಲ. ನಿಮ್ಮ ತಂದೆಯವರಿಗೆ ಆ ಅಭ್ಯಾಸವಿದ್ದರೆ ಮಾಂಸಕ್ಕಿಂತ ಮೊದಲು ಅದರ ಮಾತು ಆಗಬೇಕು.

ಈಗ ನಾನು ತಿಂಗಳಿಗೆ ಎರಡು ಸಲ ಕೋಳಿ ತಿನ್ನುತ್ತೇನೆ, ಮಟನ್ನು ಹಬ್ಬಕ್ಕೆ ಮಾತ್ರ. ನಿಜವಾದ ಬದಲಾವಣೆ ಆದದ್ದು ಬೇರೆ ಕಡೆ. ವಾರದಲ್ಲಿ ನಾಲ್ಕು ದಿನ ಹುರುಳಿ, ಅಲಸಂದೆ, ಹೆಸರುಕಾಳು ಮೊಳಕೆ ಕಟ್ಟಿ ಬಸ್ಸಾರು ಮಾಡುತ್ತಾರೆ, ಬಸಿದ ಕಾಳು ಸೊಪ್ಪನ್ನು ಪಲ್ಯವಾಗಿ ನಾನು ಅನ್ನಕ್ಕಿಂತ ಮೊದಲು ತಿಂದು ಮುಗಿಸುತ್ತೇನೆ. ಮುದ್ದೆ ಮೊದಲಿನ ಅರ್ಧದಷ್ಟು, ಅನ್ನ ಒಂದು ಸೌಟು. ಟ್ರೈಗ್ಲಿಸರೈಡ್ ಕಳೆದ ಬಾರಿ 160ಕ್ಕೆ ಇಳಿದಿತ್ತು.

ಹುಬ್ಬಳ್ಳಿಯಿಂದ, ಆಸ್ಪತ್ರೆಯೊಂದರಲ್ಲಿ ಆಹಾರ ಸಲಹೆಗಾರ್ತಿ

ಮೇಲಿನ ಇಬ್ಬರೂ ಹೇಳಿದ್ದನ್ನು ನಾನು ಪ್ರತಿದಿನ ಕಾಣುತ್ತೇನೆ. ಅಧ್ಯಯನಗಳು ಏನು ಹೇಳುತ್ತವೆ ಎಂಬುದನ್ನು ಮಾತ್ರ ಸೇರಿಸುತ್ತೇನೆ. ಬ್ರಿಟನ್ನಿನಲ್ಲಿ ಸುಮಾರು 48,000 ಜನರನ್ನು 18 ವರ್ಷ ಗಮನಿಸಿ 2019ರಲ್ಲಿ ಪ್ರಕಟಿಸಿದ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನದಲ್ಲಿ, ಮಾಂಸ ತಿನ್ನುವವರಿಗಿಂತ ಸಸ್ಯಾಹಾರಿಗಳಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಶೇ. 22ರಷ್ಟು ಕಡಿಮೆ ಕಂಡುಬಂದಿತು. ಆದರೆ ಪಾರ್ಶ್ವವಾಯು ಶೇ. 20ರಷ್ಟು ಹೆಚ್ಚಿತ್ತು. ಸಾವಿರ ಜನರ ಹತ್ತು ವರ್ಷಗಳ ಲೆಕ್ಕಕ್ಕೆ ತಂದರೆ ಹೃದಯದ ಪ್ರಕರಣ ಹತ್ತು ಕಡಿಮೆ, ಪಾರ್ಶ್ವವಾಯು ಮೂರು ಹೆಚ್ಚು. ಅಮೆರಿಕದ ಅಡ್ವೆಂಟಿಸ್ಟ್ ಕ್ರೈಸ್ತರ ಬಗ್ಗೆ 2013ರಲ್ಲಿ ಬಂದ ಅಧ್ಯಯನದಲ್ಲಿ ಸಸ್ಯಾಹಾರಿಗಳ ಮರಣ ಪ್ರಮಾಣ ಶೇ. 12ರಷ್ಟು ಕಡಿಮೆ ಇತ್ತು. ಇವು ಸಣ್ಣ ವಿಷಯಗಳಲ್ಲ. ಸಸ್ಯಾಹಾರದ ಪರವಾಗಿ ಆಧಾರವೇ ಇಲ್ಲ ಎಂದು ಹೇಳುವುದೂ ತಪ್ಪು. ಆದರೆ ಅಲ್ಲಿಯ ಸಸ್ಯಾಹಾರಿಯ ತಟ್ಟೆ ಬೇರೆ, ನಮ್ಮದು ಬೇರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಎಂಬ ಸಕ್ಕರೆ ಕಾಯಿಲೆ ಸಮೀಕ್ಷೆಯ ಆಹಾರ ವರದಿ 2025ರಲ್ಲಿ ಬಂದಿದೆ. ಭಾರತೀಯರ ಒಟ್ಟು ಶಕ್ತಿಯಲ್ಲಿ ಸುಮಾರು ಶೇ. 62 ಭಾಗ ಪಿಷ್ಟ ಸಕ್ಕರೆಗಳಿಂದಲೇ ಬರುತ್ತಿದೆ, ಅದರಲ್ಲಿ ಒಟ್ಟು ಶಕ್ತಿಯ ಶೇ. 5ರಷ್ಟನ್ನು ಕಾಳುಬೇಳೆಯ ಅಥವಾ ಹಾಲಿನ ಪ್ರೋಟೀನಿಗೆ ಬದಲಾಯಿಸಿದರೆ ಸಕ್ಕರೆ ಕಾಯಿಲೆಯ ಅಪಾಯ ತಗ್ಗಬಹುದು, ಕೆಂಪು ಮಾಂಸಕ್ಕೆ ಬದಲಾಯಿಸಿದರೆ ಆ ಲಾಭ ಕಾಣುವುದಿಲ್ಲ ಎಂದು ಅದು ಹೇಳುತ್ತದೆ. ನಿಮ್ಮ ಟ್ರೈಗ್ಲಿಸರೈಡಿಗೂ ತಾಯಿಯವರ ಸಕ್ಕರೆಗೂ ನೆಂಟರ ಮಾತಿಗಿಂತ ಈ ಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ. ತಂದೆಯವರಿಗೆ ಮಟನ್ನಿನ ಕೊಬ್ಬು, ಬೋಟಿ, ಕರಿದ ಕಬಾಬು ಬೇಡವೇ ಬೇಡ. ಸಾಸೇಜ್, ಸಲಾಮಿಯಂಥ ಸಂಸ್ಕರಿತ ಮಾಂಸ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲೇ ತೀರ್ಮಾನಿಸಿದ್ದರಿಂದ ಅದು ಮನೆಯಲ್ಲಿ ಯಾರಿಗೂ ಬೇಡ. ಎಣ್ಣೆ ಕಡಿಮೆ ಹಾಕಿದ ಮೀನಿನ ಸಾರನ್ನು ವಾರಕ್ಕೆ ಎರಡು ಸಲ, ಅವರನ್ನು ನೋಡುತ್ತಿರುವ ವೈದ್ಯರನ್ನು ಕೇಳಿ, ಮುಂದುವರಿಸಬಹುದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಸಸ್ಯಾಹಾರವೇ ಆದರೂ ಅವುಗಳ ಉಪ್ಪು ರಕ್ತದೊತ್ತಡಕ್ಕೆ ಒಳ್ಳೆಯದಲ್ಲ.

ಸಸ್ಯಾಹಾರಕ್ಕೆ ಬರುವುದೇ ನಿಶ್ಚಯವಾದರೆ ಕಬ್ಬಿಣಾಂಶದ ಕಡೆಗೂ ಗಮನವಿರಲಿ. ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣಾಂಶ ಮಾಂಸದಲ್ಲಿರುವುದರಷ್ಟು ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ. ಊಟದ ಜೊತೆ ನಿಂಬೆ ಹಿಂಡಿಕೊಂಡರೆ ಹೀರಿಕೆ ಹೆಚ್ಚುತ್ತದೆ, ಊಟದ ಬೆನ್ನಿಗೇ ಚಹಾ ಕಾಫಿ ಕುಡಿದರೆ ತಗ್ಗುತ್ತದೆ. ನಮ್ಮ ಕಡೆ ರೊಟ್ಟಿಯ ಜೊತೆ ಅಗಸಿ ಚಟ್ನಿ, ಶೇಂಗಾ ಚಟ್ನಿ, ಮಡಕಿಕಾಳಿನ ಪಲ್ಯ, ಹಸಿ ಮೆಂತ್ಯ ಸೊಪ್ಪು, ಮೊಸರು ಇಟ್ಟುಕೊಂಡು ಉಣ್ಣುವ ರೂಢಿಯಿದೆ. ಅದನ್ನು ಹಾಗೆಯೇ ಉಳಿಸಿಕೊಂಡ ಮನೆಗಳ ವರದಿಗಳನ್ನು ನೋಡಿದಾಗ ನನಗೆ ಸಂತೋಷವಾಗುತ್ತದೆ.

ಯಾದಗಿರಿ ಜಿಲ್ಲೆಯಿಂದ, ಪ್ರಾಥಮಿಕ ಶಾಲೆಯ ಶಿಕ್ಷಕರು

ನನ್ನ ಮಾತು ನಿಮ್ಮ ಮಗಳ ಬಗ್ಗೆ ಮಾತ್ರ. 2021ರ ಡಿಸೆಂಬರಿನಲ್ಲಿ ನಮ್ಮ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದರು; 2024ರ ಸೆಪ್ಟೆಂಬರಿನಿಂದ ವಾರಕ್ಕೆ ಆರು ದಿನ ಕೊಡುವಂತಾಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇದೆ. ಮುಂಚೆ ಬೆಳಗಿನ ಪ್ರಾರ್ಥನೆಯಲ್ಲಿ ಕಣ್ಣು ಕತ್ತಲೆ ಬಂದು ಕುಳಿತುಬಿಡುತ್ತಿದ್ದ ಹುಡುಗಿಯರು ನನ್ನ ತರಗತಿಯಲ್ಲಿಯೇ ಇದ್ದರು, ಈಗ ಅಂಥದ್ದು ಅಪರೂಪ. ಮೊಟ್ಟೆಯೊಂದರಿಂದಲೇ ಹೀಗಾಯಿತು ಎಂದು ನಾನು ಹೇಳುವುದಿಲ್ಲ, ಕಬ್ಬಿಣಾಂಶದ ಮಾತ್ರೆಯನ್ನೂ ಕೊಡುತ್ತೇವೆ. ಆದರೆ ಬೆಳೆಯುವ ಮಗು ಇಷ್ಟಪಟ್ಟು ತಿನ್ನುತ್ತಿರುವ ಮೊಟ್ಟೆಯನ್ನು ತಾತನ ಕಾಯಿಲೆಯ ಕಾರಣಕ್ಕೆ ತಪ್ಪಿಸುವುದು ಸರಿಯಲ್ಲ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಕುಂದಾಪುರದಿಂದ

ನಮ್ಮ ಮನೆಯಲ್ಲಿ ಮೀನಿಲ್ಲದ ದಿನವೇ ಕಡಿಮೆ. ಬೂತಾಯಿ, ಬಂಗುಡೆ ಹೃದಯಕ್ಕೆ ಒಳ್ಳೆಯದು ಎಂದು ಕೇಳಿ ಒಳನಾಡಿನವರು ಅದನ್ನು ರವೆಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಮುಳುಗಿಸಿ ಕರಿಯುತ್ತಾರೆ. ಹುಣಸೆಹುಳಿ, ಮೆಣಸು, ಕೊತ್ತಂಬರಿ ಅರೆದು ಮಣ್ಣಿನ ಪಾತ್ರೆಯಲ್ಲಿ ಪುಳಿಮುಂಚಿ ಮಾಡಿದರೆ ಒಂದು ಚಮಚ ಎಣ್ಣೆ ಸಾಕು. ಒಣಮೀನು ಮಾತ್ರ ತಂದೆಯವರಿಗೆ ಕೊಡಬೇಡಿ, ಅದರಲ್ಲಿ ಉಪ್ಪು ವಿಪರೀತ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಮೇಡಂ ಅವರು ಬರೆದದ್ದನ್ನು ಓದಿದ ಮರುದಿನವೇ ತಾಯಿಯವರ ರಕ್ತಪರೀಕ್ಷೆ ಮಾಡಿಸಿದೆ. ಬಿ12 ಮಟ್ಟ 141 ಬಂದಿದೆ, ವೈದ್ಯರು ಚುಚ್ಚುಮದ್ದು ಆರಂಭಿಸಿದ್ದಾರೆ. ಎರಡು ವರ್ಷಗಳಿಂದ ರಾತ್ರಿ ಪಾದ ಉರಿಯುತ್ತಿತ್ತು, ನಿಮಗೆಲ್ಲ ಯಾಕೆ ತೊಂದರೆ ಎಂದು ಹೇಳಿರಲಿಲ್ಲ ಎಂದು ಅಮ್ಮ ಆಗ ಬಾಯಿಬಿಟ್ಟರು. ತಂದೆಯವರು ಮಟನ್ನು ಬಿಟ್ಟಿದ್ದಾರೆ, ವೈದ್ಯರ ಒಪ್ಪಿಗೆಯ ಮೇಲೆ ಮೀನಿನ ಸಾರು ವಾರಕ್ಕೆ ಎರಡು ದಿನ ಇದೆ. ಬೀಡಿಯ ವಿಷಯ ಕೇಳಿದಾಗ ತೋಟದಲ್ಲಿ ಇನ್ನೂ ಸೇದುತ್ತಿರುವುದಾಗಿ ಒಪ್ಪಿಕೊಂಡರು. ಅದಕ್ಕಾಗಿ ಮುಂದಿನ ಮಂಗಳವಾರ ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಮಗಳ ಮೊಟ್ಟೆ ಎಂದಿನಂತೆ ನಡೆದಿದೆ. ನನ್ನ ಹೆಂಡತಿ ಒಂದು ಸಣ್ಣ ತಕ್ಕಡಿ ತರಿಸಿ ನಮ್ಮ ಸಾರಿನ ಬೇಳೆಯನ್ನು ತೂಗಿದರು. ಐದು ಜನಕ್ಕೆ 60 ಗ್ರಾಂ ಇತ್ತು. ಈಗ 150 ಗ್ರಾಂ ಹಾಕುತ್ತಿದ್ದಾರೆ, ಅಕ್ಕಿಯನ್ನು ಒಂದು ಲೋಟ ಕಡಿಮೆ ಮಾಡಿದ್ದಾರೆ.