ಇಂಗ್ಲೆಂಡ್ ಕೌನ್ಸಿಲ್‌ಗಳ ಖರ್ಚಿನ ಪಟ್ಟಿ: ಸಿಬ್ಬಂದಿ ಸಂಬಳ ಎಲ್ಲಿದೆ, ಎರಡು ಸಲ ಪಾವತಿ ಆಗಿದೆಯಾ?

ತೆರಿಗೆದಾರ:
ಇಂಗ್ಲೆಂಡಿನ ಸ್ಥಳೀಯ ಆಡಳಿತದ ಕೌನ್ಸಿಲ್‌ಗಳು 500 ಪೌಂಡ್ ಮೀರಿದ ಖರ್ಚನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸಬೇಕಲ್ಲ, ಆ ನಾಲ್ಕು ಫೈಲು ಕೂಡಿಸಿದರೆ ವಾರ್ಷಿಕ ಲೆಕ್ಕಪತ್ರದ ಮೊತ್ತಕ್ಕೆ ತಾಳೆಯೇ ಆಗುತ್ತಿಲ್ಲ. ಸಂಬಳದ ಪಟ್ಟಿಯಲ್ಲಿ ಬೆರಳೆಣಿಕೆಯ ಹುದ್ದೆಗಳಷ್ಟೇ ಇವೆ. ಒಬ್ಬರೇ ಸರಬರಾಜುದಾರರಿಗೆ ಒಂದೇ ದಿನ ಅಷ್ಟೇ ಮೊತ್ತ ಎರಡು ಸಲ ಹೋದ ಹಾಗೂ ಕಾಣುತ್ತೆ. ಎಲ್ಲಿಂದ ಶುರು ಮಾಡೋದು?

ಖಾತೆಪುಸ್ತಕ:
ಒಟ್ಟು ಮೊತ್ತದ ಹಿಂದೆ ಬೀಳಬೇಡಿ, ಅದು ತಾಳೆಯಾಗೋದಿಲ್ಲ. ಪಟ್ಟಿಯಲ್ಲಿರುವುದು ಪಾವತಿ, ಲೆಕ್ಕಪತ್ರದಲ್ಲಿ ಬಾಕಿ, ಮುಂಗಡ, ಸವಕಳಿ ಎಲ್ಲ ಸೇರಿರುತ್ತೆ. ಕೌನ್ಸಿಲ್‌ಗಳು ಏನೇನು ಪ್ರಕಟಿಸಬೇಕು ಅಂತ ಹೇಳುವ 2015ರ ಪಾರದರ್ಶಕತೆ ಸಂಹಿತೆಯ ಪ್ರಕಾರ ಕೌನ್ಸಿಲ್‌ನ ಸ್ವಂತ ನೌಕರರ ಸಂಬಳ ಈ ಪಟ್ಟಿಗೆ ಬರುವುದೂ ಇಲ್ಲ.

500ರ ಗೆರೆಯನ್ನು ಎಳೆಯೋದು ವಾಪಸ್ ಪಡೆಯಬಹುದಾದ ವ್ಯಾಟ್ ಕಳೆದ ಮೇಲೆ. ಶೇ. 20 ವ್ಯಾಟ್ ಸೇರಿ 600 ಪೌಂಡಿನ ಬಿಲ್ಲು ಅಂದರೆ ಸರಿಯಾಗಿ 500, ಗೆರೆ ದಾಟಲಿಲ್ಲ, ಹೊರಗೆ ಉಳಿಯಿತು. ಇದು ನಿಯಮದಂತೆಯೇ. ನಿಜವಾದ ತೊಂದರೆ ಬೇರೆ: 1,320 ಪೌಂಡಿನ ಒಂದು ಇನ್‌ವಾಯ್ಸನ್ನು ಮೂರು ವಿಭಾಗಗಳಿಗೆ ತಲಾ 440ರಂತೆ ಹಂಚಿದ್ದಾರೆ ಅಂದುಕೊಳ್ಳಿ. ಫೈಲು ತೆಗೆಯುವವರು ಇನ್‌ವಾಯ್ಸ್ ಲೆಕ್ಕದಲ್ಲಿ ಸೋಸದೆ ಸಾಲಿನ ಲೆಕ್ಕದಲ್ಲಿ ಸೋಸಿದರೆ ಮೂರೂ ಸಾಲು ಮಾಯ. ಹಾಗಾಗಿ ಮೊದಲ ಪ್ರಶ್ನೆ ಇದೇ ಇರಲಿ: "500ರ ಮಿತಿಯನ್ನು ಇಡೀ ಇನ್‌ವಾಯ್ಸ್‌ಗೆ ಅನ್ವಯಿಸಿದ್ದೀರೋ, ಪ್ರತಿ ಸಾಲಿಗೋ?"

ಸಂಬಳದ_ಚೀಟಿ:
ಸಂಬಳಕ್ಕೆ ಬೇರೆಯೇ ಪ್ರಕಟಣೆ, ವರ್ಷಕ್ಕೊಮ್ಮೆ. 50,000 ಪೌಂಡ್ ಮತ್ತು ಮೇಲ್ಪಟ್ಟವರು ಎಷ್ಟು ಜನ ಅನ್ನೋದನ್ನು 5,000ದ ಹಂತಗಳಲ್ಲಿ ಕೊಡಬೇಕು. ಹಿರಿಯ ಹುದ್ದೆಗಳ ಹೆಸರು, ಸಂಬಳ, ಹೊಣೆ ಹೇಳಬೇಕು. 1,50,000 ಮುಟ್ಟಿದರೆ ವ್ಯಕ್ತಿಯ ಹೆಸರೂ ಬರಬೇಕು. ಅತಿ ಹೆಚ್ಚು ಗಳಿಸುವವರ ಆದಾಯ ಇಡೀ ಸಿಬ್ಬಂದಿಯ ಮಧ್ಯಾಂಕದ ಎಷ್ಟು ಪಟ್ಟು ಅನ್ನೋದೂ ಇರಬೇಕು. ಅದು ಸರಾಸರಿಯಲ್ಲ, ಮಧ್ಯಾಂಕ, ಅಂದರೆ ಎಲ್ಲರ ಆದಾಯವನ್ನು ಏರಿಕೆಯ ಕ್ರಮದಲ್ಲಿ ಇಟ್ಟರೆ ನಟ್ಟನಡುವೆ ಬರುವುದು. ಇಲ್ಲಿ ಬಹಳ ಮಂದಿ ಎಡವುತ್ತಾರೆ.

ಏಜೆನ್ಸಿ ಮೂಲಕ ಬಂದವರು, ತಮ್ಮದೇ ಕಂಪನಿ ಹೆಸರಲ್ಲಿ ಬಿಲ್ಲು ಹಾಕುವ ತಾತ್ಕಾಲಿಕ ಅಧಿಕಾರಿಗಳು ಈ ಸಂಬಳದ ಪಟ್ಟಿಯಲ್ಲಿ ಸಿಗೋದಿಲ್ಲ. ಅವರಿಗೆ ಹೋದ ಹಣವನ್ನು ಖರ್ಚಿನ ಪಟ್ಟಿಯಲ್ಲೋ ಕರಾರುಗಳ ಪಟ್ಟಿಯಲ್ಲೋ ತೋರಿಸಬೇಕು ಅಂತ ಸಂಹಿತೆಯೇ ಹೇಳುತ್ತೆ. ಒಂದು ವಿಭಾಗದ ಸಂಬಳದ ವೆಚ್ಚ ಇಳಿದ ವರ್ಷವೇ ಅದೇ ವಿಭಾಗದ ಏಜೆನ್ಸಿ ಬಿಲ್ಲು ಏರಿದ್ದರೆ ಎರಡನ್ನೂ ಕೂಡಿಸಿಯೇ ನೋಡಿ. ಸಂಬಳ ಉಳಿಸಿದೆವು ಅನ್ನುವ ಮಾತನ್ನು ಅಷ್ಟಕ್ಕೇ ಒಪ್ಪಿಕೊಳ್ಳಬಾರದು.

ಖಾತೆಪುಸ್ತಕ:
ಇನ್ನು ಎರಡು ಸಲ ಪಾವತಿಯ ವಿಷಯ. ಮೊದಲು ಹೆಸರುಗಳನ್ನು ಒಂದೇ ರೂಪಕ್ಕೆ ತನ್ನಿ: ಅದೇ ಕಂಪನಿ ಒಂದು ಕಡೆ "ಲಿಮಿಟೆಡ್", ಇನ್ನೊಂದು ಕಡೆ "ಎಲ್‌ಟಿಡಿ" ಆಗಿರುತ್ತೆ. ದಿನಾಂಕವನ್ನೂ ನೋಡಿ, ಎಕ್ಸೆಲ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ ಏಪ್ರಿಲ್ 3 ಅಂತ ಬರೆದ 03/04 ಮಾರ್ಚ್ 4 ಆಗಿಬಿಡುತ್ತೆ. ಆಮೇಲೆ ಸರಬರಾಜುದಾರ, ದಿನಾಂಕ, ಮೊತ್ತ ಮೂರರ ಮೇಲೂ ವಿಂಗಡಿಸಿ.

ಜೋಡಿ ಸಾಲು ಸಿಕ್ಕಿತು ಅಂತ ತಕ್ಷಣ ದೂರು ಬರೆಯಬೇಡಿ. ಮುಂದಿನ ತ್ರೈಮಾಸಿಕದಲ್ಲಿ ಅದೇ ಮೊತ್ತ ಮೈನಸ್‌ನಲ್ಲಿ ಇದೆಯಾ ಹುಡುಕಿ, ಅದು ಕ್ರೆಡಿಟ್ ನೋಟ್, ಅಂದರೆ ಮೊದಲಿನ ಬಿಲ್ಲಿನ ಮೊತ್ತವನ್ನು ವಾಪಸ್ ಮಾಡುವ ಚೀಟಿ. ಎರಡು ಕಟ್ಟಡಗಳ ಬಾಡಿಗೆಯೂ ಆಗಿರಬಹುದು. ವಹಿವಾಟು ಸಂಖ್ಯೆ ಬೇರೆ ಬೇರೆ ಅಂದ ಮಾತ್ರಕ್ಕೆ ಅನುಮಾನ ತೀರುವುದಿಲ್ಲ. ಒಂದೇ ಬಿಲ್ಲನ್ನು ಎರಡು ಸಲ ನಮೂದಿಸಿದರೂ ಹೊಸ ಸಂಖ್ಯೆಯೇ ಬೀಳುತ್ತೆ. ಇನ್‌ವಾಯ್ಸ್ ಸಂಖ್ಯೆಯೇ ಬೇಕು, ಆದರೆ ಪಟ್ಟಿಯಲ್ಲಿ ಅದನ್ನು ಕೊಡುವುದು ಕಡ್ಡಾಯವಲ್ಲ.

ತೆರಿಗೆದಾರ:
ಹಾಗಾದರೆ ಇನ್‌ವಾಯ್ಸ್ ನೋಡೋಕೆ ದಾರಿ ಏನು?

ಸಂಬಳದ_ಚೀಟಿ:
ಎರಡಿವೆ. ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಯಾವಾಗ ಬೇಕಾದರೂ ಕೇಳಬಹುದು, 20 ಕೆಲಸದ ದಿನಗಳೊಳಗೆ ಉತ್ತರ ಬರಬೇಕು. ಹುಡುಕುವ ಕೆಲಸ 18 ಗಂಟೆ ಮೀರುತ್ತೆ ಅನ್ನಿಸಿದರೆ ನಿರಾಕರಿಸುತ್ತಾರೆ, ಆದ್ದರಿಂದ "ಎಲ್ಲ ಇನ್‌ವಾಯ್ಸ್" ಅನ್ನಬೇಡಿ. ಆ ಎರಡು ಸಾಲನ್ನು ಹಾಗೆಯೇ ಅಂಟಿಸಿ ಕೇಳಿ.

ಇನ್ನೊಂದು, 2014ರ ಸ್ಥಳೀಯ ಲೆಕ್ಕಪರಿಶೋಧನೆ ಕಾಯ್ದೆಯ ಸೆಕ್ಷನ್ 26. ವರ್ಷಕ್ಕೆ 30 ಕೆಲಸದ ದಿನ ಆ ಲೆಕ್ಕಪತ್ರದ ವರ್ಷದ ಬಿಲ್ಲು, ವೋಚರ್, ಕರಾರುಗಳನ್ನು ನೋಡಿ ನಕಲು ಪಡೆಯಬಹುದು. ನೌಕರರ ವೈಯಕ್ತಿಕ ಸಂಬಳದ ಕಾಗದ ಇದರಲ್ಲಿ ಸಿಗದು. ದಿನಾಂಕ ಕೌನ್ಸಿಲ್ ವೆಬ್‌ಸೈಟಿನ ನೋಟಿಸಿನಲ್ಲಿರುತ್ತೆ. ಆ ಪ್ರದೇಶದ ಮತದಾರರಾಗಿದ್ದರೆ ಆಡಿಟರ್‌ಗೆ ಲಿಖಿತ ಆಕ್ಷೇಪವನ್ನೂ ಸಲ್ಲಿಸಬಹುದು, ಅದೂ ಇದೇ 30 ದಿನಗಳೊಳಗೆ. ಕಾಗದ ನೋಡೋದನ್ನು ಕೊನೇ ವಾರಕ್ಕೆ ಇಟ್ಟುಕೊಂಡರೆ ಆಕ್ಷೇಪ ಬರೆಯೋಕೆ ಸಮಯ ಉಳಿಯೋದಿಲ್ಲ. ಮೊದಲ ದಿನವೇ ಕೌನ್ಸಿಲ್‌ಗೆ ಮೇಲ್ ಹಾಕಿ.