ಅಪ್‌ಡೇಟ್: ತೀರ್ಥಹಳ್ಳಿಯ ಮದುವೆ ಫೋಟೊ ಅಂತೂ ತೆಗೆದಾಯ್ತು

ಚಿಕ್ಕಮ್ಮನ ಮಗಳ ಮದುವೆಗೆ ಫೋಟೊ ತೆಗೆಯಲು ಒಪ್ಪಿಕೊಂಡುಬಿಟ್ಟಿದ್ದೇನೆ, ಛತ್ರದಲ್ಲಿ ಬೆಳಕು ಕಮ್ಮಿ, ಏನು ಮಾಡಲಿ ಅಂತ ಹೋದ ತಿಂಗಳು ಕೇಳಿದ್ದೆನಲ್ಲ, ಮದುವೆ ಮುಗಿಯಿತು. ಹೆಚ್ಚು ಬೆಳಕು ಒಳಗೆ ಬಿಡುವ 50 ಎಂಎಂ ಎಫ್ 1.8 ಲೆನ್ಸ್ ತಗೊಳ್ಳಿ ಎಂದವರಿಗೆ ದೊಡ್ಡ ನಮಸ್ಕಾರ. ಐಎಸ್‌ಒ (ಕ್ಯಾಮೆರಾ ಬೆಳಕನ್ನು ಎಷ್ಟು ಹೆಚ್ಚಿಸಿ ತೋರಿಸಬೇಕು ಅನ್ನೋ ಸೆಟ್ಟಿಂಗ್) 3200ರಲ್ಲಿ ಸ್ವಲ್ಪ ಕಾಳು ಕಾಳಾಗಿದೆ, ಆದರೆ ಮಸುಕಾಗಿಲ್ಲ.

ಎಡವಟ್ಟಾಗಿದ್ದು ಎಲ್‌ಇಡಿ ದೀಪದಿಂದ. ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) 1/500 ಸೆಕೆಂಡ್ ಇಟ್ಟಾಗ ಫೋಟೊ ತುಂಬಾ ಪಟ್ಟೆ ಪಟ್ಟೆ! ನಮ್ಮ ಕರೆಂಟ್ 50 ಹರ್ಟ್ಸ್, ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕಣ್ಣಿಗೆ ಕಾಣದಿದ್ದರೂ ಕ್ಯಾಮೆರಾ ಬಿಡುವುದಿಲ್ಲ. ಒಂದು ಮಿನುಗು ಪೂರ್ತಿ ಸೇರುವಂತೆ 1/100ಕ್ಕೆ ಇಳಿಸಿದೆ, ಪಟ್ಟೆ ಮಾಯ. ಹೊರಗೆ ಮಳೆ, ತಣ್ಣಗಿದ್ದ ಕ್ಯಾಮೆರಾ ಹಿಡಿದು ಸೀದಾ ಅಡುಗೆಮನೆಗೆ ನುಗ್ಗಿದೆ, ಲೆನ್ಸ್ ಮೇಲೆಲ್ಲ ಮಂಜು. ಹತ್ತು ನಿಮಿಷ ಸುಮ್ನೆ ಕಾಫಿ ಕುಡಿದೆ.

ಅಂತರಪಟ ಸರಿಯುವ ಹೊತ್ತಿಗೆ ಸರಿಯಾಗಿ ಮಾವ ಮೊಬೈಲ್ ಹಿಡಿದು ಅಡ್ಡ ಬಂದರು. ಸಿಟ್ಟು ನೆತ್ತಿಗೇರಿತ್ತು. ಮನೆಗೆ ಬಂದು ನಾನು ತೆಗೆದ ಆ ಫೋಟೊ ನೋಡಿದರೆ ಅವರ ಮೊಬೈಲ್ ಪರದೆಯೊಳಗೆ ಮದುಮಗಳು ನಗುತ್ತಿದ್ದಾಳೆ, ಕೂದಲಿಗೆ ಜೀರಿಗೆ ಬೆಲ್ಲ ಅಂಟಿದೆ. ಇಡೀ ಮದುವೆಯಲ್ಲಿ ನನಗೆ ಇಷ್ಟವಾದ ಫೋಟೊ ಅದೇ.

ಈಗ 1,100 ರಾ ಫೈಲ್ (ಇನ್ನೂ ತಿದ್ದದ ಮೂಲ ಫೋಟೊ) ಬಾಕಿ ಇವೆ. ಚಿಕ್ಕಮ್ಮ ದಿನಾ ಫೋನ್ ಮಾಡಿ ‘ಆಲ್ಬಂ ಯಾವಾಗ ಮಾರಾಯ’ ಅನ್ನುತ್ತಿದ್ದಾರೆ.